ಬೆರಳಗಲ ಬಟ್ಟೆ

ಆ ಹೊಲಿಗೆಮನೆಯಲ್ಲಿ ಅವಳನ್ನು ಎಲ್ಲರೂ ಸಣ್ಣಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಚಿಕ್ಕವರಿಗೂ ಸಣ್ಣಕ್ಕ, ದೊಡ್ಡವರಿಗೂ ಸಣ್ಣಕ್ಕ. ಕಾರಣ ಇಷ್ಟೇ: ಅವಳ ಮುಂದಿನ ಮೇಜಿನಲ್ಲಿ ಕತ್ತರಿ ಹಿಡಿದು ನಿಲ್ಲುತ್ತಿದ್ದ ಅವಳ ಓರಗಿತ್ತಿ ದೊಡ್ಡಕ್ಕ. ಒಬ್ಬಳು ದೊಡ್ಡಕ್ಕ ಆದ ಮೇಲೆ ಇನ್ನೊಬ್ಬಳು ಸಣ್ಣಕ್ಕ ಆಗಲೇಬೇಕಲ್ಲ. ಹೆಸರಿಗೂ ತನ್ನದು ಅಂತ ಒಂದು ಅಳತೆ ಇಲ್ಲದೆ ಬದುಕಿದ ಹೆಂಗಸು. ಈಗ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾಳೆ. ಕೂರಿಸಿದವರು ಯಾರು ಎಂದು ಕೇಳಿದರೆ ಅವಳು ಮಾತು ಹಾರಿಸುತ್ತಾಳೆ. ಕಥೆ ಹೇಳುವವರಿಗೆ ಅಂಥ ದಾಕ್ಷಿಣ್ಯ ಇಲ್ಲ.

ಹೊಲಿಗೆಮನೆ ಇದ್ದದ್ದು ಒಂದು ಗೋದಾಮಿನ ಮೇಲೆ. ಮರದ ಮೆಟ್ಟಿಲು ಹತ್ತಿ ಹೋದರೆ ಉದ್ದನೆಯ ಒಂದೇ ಕೋಣೆ. ಕಿಟಕಿಗಳ ಸಾಲಿಗೆ ಕತ್ತರಿಸುವವರ ಮೇಜು, ಪ್ರತಿ ಮೇಜಿನ ಬೆನ್ನಿಗೆ ಒಂದು ಹೊಲಿಗೆ ಮಿಷನ್. ಅಲ್ಲಿಗೆ ಬರುತ್ತಿದ್ದದ್ದು ಬರೀ ಕೈಮಗ್ಗದ ಬಟ್ಟೆ, ಹೊರಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಅಂಗಿ. ಕೆಲಸವೆಲ್ಲ ಜೋಡಿಯ ಮೇಲೆ. ಕತ್ತರಿಸುವವಳು ತನಗೆ ಬೇಕಾದ ಹೊಲಿಯುವವಳನ್ನು ತಾನೇ ಆರಿಸಿಕೊಳ್ಳುತ್ತಾಳೆ. ಅವಳು ಬೇಡ ಅಂದ ದಿನ ಹೊಲಿಯುವವಳು ಮಿಷನ್ ಬಿಟ್ಟು ಏಳಬೇಕು. ಕತ್ತರಿಸುವವಳೇ ಕೆಲಸ ಬಿಟ್ಟರೆ ಅವಳ ಜೋಡಿಯೂ ಜೊತೆಗೇ ಮೆಟ್ಟಿಲಿಳಿಯಬೇಕು, ಏಕೆಂದರೆ ಹೊಸದಾಗಿ ಬರುವವಳು ತನ್ನವಳನ್ನು ಕರೆದುಕೊಂಡೇ ಬರುತ್ತಾಳೆ. ಈ ಪದ್ಧತಿಯನ್ನು ಯಾರು ಮಾಡಿದರೋ, ಅವರೆಂದೂ ಮಿಷನ್ ಮುಂದೆ ಕೂತವರಲ್ಲ. ಪ್ರತಿ ಜೋಡಿಗೂ ಒಂದೊಂದು ಬಣ್ಣದ ದಾರ. ಅಂಗಿ ಮುಗಿದ ಮೇಲೆ ಒಳಗಡೆ, ಪಕ್ಕದ ಹೊಲಿಗೆಯ ಕೊನೆಯಲ್ಲಿ, ಆ ದಾರದ ಒಂದು ಗಂಟು ಹಾಕಬೇಕು. ತಪ್ಪು ಬಂದರೆ ಯಾರ ಕಿವಿ ಹಿಂಡಬೇಕು ಅಂತ ಗೊತ್ತಾಗಲಿ ಎಂದು.

ದೊಡ್ಡಕ್ಕ ಸಾಮಾನ್ಯದವಳಲ್ಲ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲೇ ಉಳಿದಳು, ಆದರೆ ಮೈದುನನ ಹಂಗಿನಲ್ಲಿ ಉಳಿಯಲಿಲ್ಲ. ಕೆಳಗಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಮೈದುನನಿಗೆ ಬೆನ್ನು ಹಿಡಿದುಕೊಂಡಾಗಲೆಲ್ಲ ಮನೆ ನಡೆದದ್ದು ಅವಳ ಕತ್ತರಿಯಿಂದ. ಹಾಗಾಗಿ ಊಟಕ್ಕೆ ಮೊದಲ ತಟ್ಟೆ ಅವಳದ್ದು, ಕಿಟಕಿ ಪಕ್ಕದ ಮಂಚ ಅವಳದ್ದು, ಮನೆಯ ಕೊನೆಯ ಮಾತೂ ಅವಳದ್ದೇ. ಮೂಗಿನ ತುದಿಯಲ್ಲೇ ಕೋಪ. ಸಣ್ಣಕ್ಕ ಮದುವೆಯಾಗಿ ಬಂದ ಹೊಸತರಲ್ಲಿ ಅವಳನ್ನು ಮಿಷನ್ ಮುಂದೆ ಕೂರಿಸಿ, "ನೆಟ್ಟಗೆ ಹೊಲಿದ್ರೆ ಊಟ, ಸೊಟ್ಟ ಹೊಲಿದ್ರೆ ಬೈಗುಳ" ಅಂದಿದ್ದಳು. ಸಣ್ಣಕ್ಕ ಎರಡನ್ನೂ ಹೊಟ್ಟೆ ತುಂಬ ತಿಂದು ಕೆಲಸ ಕಲಿತಳು. ಆಮೇಲೆ ಸಣ್ಣಕ್ಕನಿಗೆ ಮಗಳು ಹುಟ್ಟಿದಾಗ ಆ ಕೂಸನ್ನು ಕೆಳಗೆ ಬಿಡದೆ ಎತ್ತಿ ಆಡಿಸಿದವಳೂ ದೊಡ್ಡಕ್ಕನೇ. ಹುಡುಗಿಗೆ ದೊಡ್ಡಮ್ಮ ಅಂದರೆ ಪ್ರಾಣ. ಹೊಲಿಗೆಯ ಅಆಇಈಯನ್ನೂ ಅವಳು ದೊಡ್ಡಮ್ಮನ ತೊಡೆಯ ಮೇಲೆ ಕೂತೇ ಕಲಿತದ್ದು.

ಕೈಮಗ್ಗದ ಬಟ್ಟೆಗೆ ಒಂದು ಹುಟ್ಟುಗುಣ ಇದೆ. ಮಿಲ್ಲಿನ ಬಟ್ಟೆಯಲ್ಲಿ ಅಡ್ಡ ಎಳೆ ಗೆರೆ ಹೊಡೆದ ಹಾಗೆ ನೇರ ಹೋಗುತ್ತದೆ. ಮಗ್ಗದ ಬಟ್ಟೆಯಲ್ಲಿ ಹಾಗಲ್ಲ. ನೇಯುವವನ ಬಲಗೈ ಒಂದು ಥರ, ಎಡಗೈ ಒಂದು ಥರ, ಹೊಟ್ಟೆ ತುಂಬಿದ ಕೈ ಒಂದು ಥರ, ಹಸಿದ ಕೈ ಇನ್ನೊಂದು ಥರ. ಎಳೆ ಎಲ್ಲೋ ಒಂದು ಕಡೆ ಓರೆಯಾಗಿ ಕೂತಿರುತ್ತದೆ. ಅದಕ್ಕೇ ಇದನ್ನು ಸ್ಕೇಲಿಟ್ಟು ಗೆರೆ ಎಳೆದು ಕತ್ತರಿಸುವಂತಿಲ್ಲ. ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಆಮೇಲೆ ಒಂದು ಅಡ್ಡ ಎಳೆಯನ್ನು ಸೂಜಿಯ ಮೊನೆಯಿಂದ ಎಬ್ಬಿಸಿ, ತುಂಡಾಗದ ಹಾಗೆ ಮೆಲ್ಲಗೆ, ಈ ಅಂಚಿನಿಂದ ಆ ಅಂಚಿನವರೆಗೆ ಎಳೆದು ತೆಗೆಯಬೇಕು. ಎಳೆ ಹೋದ ಜಾಗದಲ್ಲಿ ಕೂದಲಿನಷ್ಟು ಸಣ್ಣ ದಾರಿ ಉಳಿಯುತ್ತದೆ. ಕತ್ತರಿ ಆ ದಾರಿ ಹಿಡಿದೇ ಹೋಗಬೇಕು. ಆಮೇಲೆ ಬಟ್ಟೆಯ ಮೂಲೆ ಹಿಡಿದು ಜಗ್ಗಿ ನೆಟ್ಟಗೆ ಮಾಡಿ, ಅದರ ಮೇಲೆ ಅಳತೆಯ ಕಾಗದ ಇಡಬೇಕು. ಎಳೆ ನೋಡದೆ ಕತ್ತರಿಸಿದ ಅಂಗಿ ಹೊಲಿದ ದಿನ ಚೆನ್ನಾಗಿಯೇ ಕಾಣುತ್ತದೆ. ಒಗೆದ ಮೇಲೆ ಬಂಡವಾಳ ಬಯಲು. ಬಟ್ಟೆ ತನ್ನ ಎಳೆಯ ಕಡೆಗೆ ತಿರುಚಿಕೊಂಡು, ಎದೆಯ ಮೇಲಿನ ಗುಂಡಿಯ ಸಾಲು ಸೊಂಟದ ಕಡೆಗೆ ಹೊರಟುಬಿಡುತ್ತದೆ.

ದೊಡ್ಡಕ್ಕನಿಗೆ ಆ ಕೂದಲಿನಷ್ಟು ದಾರಿ ಯಾವಾಗ ಕಾಣದೆ ಹೋಯಿತು ಎಂಬುದು ಅವಳಿಗೇ ಗೊತ್ತು. ಅವಳು ಯಾರಿಗೂ ಹೇಳಲಿಲ್ಲ. ಮೊದಲಿನ ಹಾಗೇ ಬಟ್ಟೆಯ ಮೇಲೆ ಬಾಗುತ್ತಿದ್ದಳು, ಸೂಜಿ ಚುಚ್ಚುತ್ತಿದ್ದಳು, ಎರಡು ಬೆರಳಲ್ಲಿ ಏನನ್ನೋ ಹಿಡಿದು ಎಳೆಯುತ್ತಿದ್ದಳು. ದೂರದಿಂದ ನೋಡಿದವರಿಗೆ ಎಲ್ಲ ಸರಿ. ಆದರೆ ಆ ತುಂಡುಗಳು ಬಂದು ಬೀಳುತ್ತಿದ್ದದ್ದು ಸಣ್ಣಕ್ಕನ ಮಡಿಲಿಗೆ. ಅಂಗಿಯ ಮುಂಭಾಗ ಎತ್ತಿ ಬೆಳಕಿಗೆ ಹಿಡಿದರೆ ಅಡ್ಡ ಎಳೆಗಳು ಏರು ಹತ್ತಿದ ಹಾಗೆ ಒಂದು ಕಡೆಗೆ ಏರುತ್ತಿದ್ದವು. ಒಂದು ಸಲ ಆದರೆ ಕೈತಪ್ಪು. ವಾರವಿಡೀ ಆದರೆ ಏನೆನ್ನುವುದು. ಕಲೆ ಬಿದ್ದು ಪಕ್ಕಕ್ಕಿಟ್ಟಿದ್ದ ಒಂದು ಅಂಗಿಯ ತುಂಡುಗಳನ್ನು ಸಣ್ಣಕ್ಕ ಹಾಗೇ ಹೊಲಿದು ಮನೆಗೆ ತಂದಳು, ಒಗೆದಳು, ಗಂಡನಿಗೆ ತೊಡಿಸಿದಳು.

ಗಂಡ ಕನ್ನಡಿಯ ಮುಂದೆ ನಿಂತು, "ಇದೇನೇ ಇದು, ನಾನು ಪೂರ್ವಕ್ಕೆ ಹೊರಟ್ರೆ ಅಂಗಿ ದಕ್ಷಿಣಕ್ಕೆ ಹೊರಟಿದೆ?" ಅಂದ.

ಸಣ್ಣಕ್ಕ ನಗಲಿಲ್ಲ. ಅವಳಿಗೆ ವಿಷಯ ಖಾತ್ರಿಯಾಗಿತ್ತು. ಇಂಥ ನಾಲ್ಕು ಅಂಗಿ ಕೊಂಡವರ ಕೈಯಿಂದ ತಿರುಗಿ ಬಂದರೆ ಸಾಕು, ಬಣ್ಣದ ಗಂಟು ನೋಡಿ ನೇರ ಇವರ ಮೇಜಿಗೆ ಬರುತ್ತಾರೆ. ದೊಡ್ಡಕ್ಕನ ಕತ್ತರಿ ಹೋಗುತ್ತದೆ. ಅವಳ ಹಿಂದೆಯೇ ತನ್ನ ಮಿಷನ್ನೂ ಹೋಗುತ್ತದೆ. ಗಂಡನ ಬೆನ್ನು ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ಹೆದರಿಕೆ ತನ್ನ ಅನ್ನದ್ದೋ ದೊಡ್ಡಕ್ಕನ ಮಾನದ್ದೋ ಎಂದು ಕೇಳಿದರೆ ಅವಳು ಬಿಡಿಸಿ ಹೇಳಲಾರಳು. ಎರಡೂ ಒಂದರೊಳಗೊಂದು ಹೊಸೆದುಕೊಂಡಿದ್ದವು.

ಬಾಯಿಬಿಟ್ಟು ಹೇಳಲು ಒಂದು ಸಲ ನೋಡಿದಳು. ಅದೂ ಎಲ್ಲೆಲ್ಲೋ ಸುತ್ತಿ ಬಳಸಿ. "ಅಕ್ಕಾ, ಕಿಟಕಿ ಗಾಜು ಒರೆಸಿಕೊಡ್ಲಾ? ಬೆಳಕು ಸಾಲ್ತಿಲ್ಲವೇನೋ."

"ಸಾಲದಿದ್ರೆ ನೀನು ಒರೆಸ್ಕೋ," ದೊಡ್ಡಕ್ಕ ತಲೆಯನ್ನೇ ಎತ್ತಲಿಲ್ಲ. "ನನ್ನ ಕಣ್ಣು ನಿನ್ನದಕ್ಕಿಂತ ನೆಟ್ಟಗಿದೆ."

ಅಲ್ಲಿಗೆ ಮಾತಿಗೆ ಬೀಗ ಬಿತ್ತು. ಸಣ್ಣಕ್ಕ ಗಾಜನ್ನೂ ಒರೆಸಿದಳು, ಬೇರೆ ದಾರಿಯನ್ನೂ ಹಿಡಿದಳು. ಮುಂದಿನ ಮೇಜಿನಿಂದ ಬಂದ ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು, ಮಿಷನ್ನಿನ ಮರೆಯಲ್ಲಿ ಒಂದೊಂದಕ್ಕೂ ತಾನೇ ಎಳೆ ತೆಗೆಯುವುದು; ಓರೆ ಇದ್ದ ಕಡೆ ಚಿಕ್ಕ ಕತ್ತರಿಯಿಂದ ಸವರಿ, ಎಳೆಗೆ ಸರಿಯಾಗಿ ಮಾಡಿಕೊಂಡು ಆಮೇಲೆ ಹೊಲಿಯುವುದು. ಅಂಗಿ ತಿರುಚಿಕೊಳ್ಳುವುದು ನಿಂತಿತು. ಕೈ ಮಾತ್ರ ನಿಧಾನವಾಯಿತು. ಆಚೆಯ ಮಿಷನ್ನಿನವರು, "ಸಣ್ಣಕ್ಕ ಅಂಗಿ ಹೊಲೀತಿದ್ದಾಳೋ, ಅದರ ಹೇನು ತೆಗೀತಿದ್ದಾಳೋ?" ಎಂದು ನಗಾಡಿದರು. ಎಲ್ಲರ ಜೊತೆ ದೊಡ್ಡಕ್ಕನೂ ನಕ್ಕಳು, "ಬೇಗ ಬೇಗ ಕೈ ಓಡಿಸೇ" ಅಂತ ಗದರಿದಳು. ಸವರಿದ ಚೂರುಗಳನ್ನು ಸಣ್ಣಕ್ಕ ಮಡಿಲಲ್ಲಿ ಕಟ್ಟಿಕೊಂಡು ಬಂದು ದಿಂಬಿಗೆ ತುಂಬಿದಳು. ಮನೆಯವರೆಲ್ಲ ಆ ಗುಟ್ಟಿನ ಮೇಲೆಯೇ ತಲೆಯಿಟ್ಟು ಮಲಗುತ್ತಿದ್ದರು.

ಎಲ್ಲ ಸರಿ, ಆದರೆ ಬಟ್ಟೆ ಎಂಬುದು ಹಿಟ್ಟಲ್ಲ, ತೆಗೆದಷ್ಟು ಮತ್ತೆ ಸೇರಿಸಲು. ಸವರಿದ ತುಂಡು ಸಣ್ಣದಾಗುತ್ತದೆ. ಎದೆಯ ಅಳತೆ ಕಡಿಮೆ ಮಾಡುವ ಹಾಗಿಲ್ಲ, ಭುಜದ ಅಳತೆ ಕಡಿಮೆ ಮಾಡುವ ಹಾಗಿಲ್ಲ. ಇನ್ನು ಉಳಿದದ್ದು ಮಾರ್ಜಿನ್, ಹೊಲಿಗೆಯ ಒಳಗೆ ಬಿಡುವ ಬಟ್ಟೆ. ಕೈಮಗ್ಗದ ಎಳೆ ಸಡಿಲ; ಬೆರಳಗಲ ಬಟ್ಟೆ ಒಳಗೆ ಬಿಟ್ಟು, ಮಡಚಿ ಎರಡು ಸಲ ಹೊಲಿದರೆ ಮಾತ್ರ ನಿಲ್ಲುತ್ತದೆ. ಸಣ್ಣಕ್ಕನಿಗೆ ಉಳಿಯುತ್ತಿದ್ದದ್ದು ಉಗುರಿನಷ್ಟು. ಅಷ್ಟರಲ್ಲೇ ಹೊಲಿಗೆ ಒತ್ತಾಗಿ ಹಾಕಿ, ಮೇಲೊಂದು ಸಾಲು ಹೊಡೆದು, ಹೇಗೋ ನಿಲ್ಲಲಿ ಎಂದು ಕಣ್ಣು ಮುಚ್ಚಿಕೊಂಡಳು. ಅದು ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿತ್ತು. ನಾಳೆಯ ಆಪತ್ತನ್ನು ನಾಡಿದ್ದಿಗೆ ತಳ್ಳಿದ್ದಳು, ಅಷ್ಟೇ. ಒಂದನ್ನು ಮಾತ್ರ ಅವಳು ಯೋಚಿಸಲಿಲ್ಲ. ಅಂಗಿ ತಿರುಚಿಕೊಂಡರೆ ಅದು ಕತ್ತರಿಯ ತಪ್ಪು. ಹೊಲಿಗೆ ಬಿಟ್ಟುಕೊಂಡರೆ ಅದು ಹೊಲಿದವಳ ತಪ್ಪು. ದೊಡ್ಡಕ್ಕನ ತಪ್ಪನ್ನು ತಿದ್ದಿ ತಿದ್ದಿ ಅವಳು ತನ್ನದಾಗಿ ಮಾಡಿಕೊಂಡಿದ್ದಳು.

ಆ ನಾಡಿದ್ದು ಬಂದೇ ಬಂತು. ಒಂದು ಬೆಳಗ್ಗೆ ಹೊಲಿಗೆಮನೆಯ ಯಜಮಾನರು ಅಂಗಿಗಳ ಗಂಟೊಂದನ್ನು ತಂದು ದೊಡ್ಡಕ್ಕನ ಮೇಜಿನ ಮೇಲೆ ಬಿಚ್ಚಿದರು. ಎಲ್ಲದರ ಒಳಗೂ ಇವರದೇ ಬಣ್ಣದ ಗಂಟು. ಕೆಲವು ಭುಜದಲ್ಲಿ ಬಾಯಿ ಬಿಟ್ಟಿದ್ದವು, ಕೆಲವು ಕಂಕುಳಲ್ಲಿ. ಯಜಮಾನರು ಕೂಗಾಡುವವರಲ್ಲ. ಒಂದು ಅಂಗಿಯನ್ನು ತಿರುವಿ, ಹೊಲಿಗೆಯನ್ನು ಬೆರಳಿಂದ ಬಿಡಿಸಿ ತೋರಿಸಿದರು.

"ಇಷ್ಟು ಬಟ್ಟೆ ಒಳಗೆ ಬಿಟ್ರೆ ನಿಲ್ಲುತ್ತಾ? ದೊಡ್ಡಕ್ಕ, ಕತ್ತರಿಸುವಾಗಲೇ ಸಣ್ಣದಾಗಿತ್ತಾ?"

ದೊಡ್ಡಕ್ಕ ಆಗತಾನೇ ಕತ್ತರಿಸಿದ್ದ ತುಂಡೊಂದನ್ನು ಹಾಸಿ, ಅದರ ಮೇಲೆ ಅಳತೆಯ ಕಾಗದ ಇಟ್ಟಳು. ಸುತ್ತಲೂ ಸರಿಯಾಗಿ ಕೂತಿತು. ಕೂರದೆ ಏನು, ಅವಳ ಕೈಗೆ ಅಳತೆ ಎಂದೂ ತಪ್ಪಿರಲಿಲ್ಲ, ತಪ್ಪುತ್ತಿದ್ದದ್ದು ಎಳೆ. ಕಾಗದಕ್ಕೆ ಎಳೆ ಕಾಣುವುದಿಲ್ಲ.

"ನನ್ನ ಕಡೆಯಿಂದ ಬೆರಳಗಲ ಬಿಟ್ಟೇ ಹೋಗುತ್ತೆ," ಅಂದಳು ದೊಡ್ಡಕ್ಕ. "ಆಮೇಲೆ ಏನಾಗುತ್ತೋ ನನಗೆ ಗೊತ್ತಿಲ್ಲ."

ಯಜಮಾನರು ಸಣ್ಣಕ್ಕನ ಕಡೆ ತಿರುಗಿದರು. "ಏನಮ್ಮಾ, ಸರಿಯಾಗಿ ಕೊಟ್ಟ ಬಟ್ಟೆಯನ್ನ ಯಾಕೆ ಸವರ್ತೀರಿ?"

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆ ತುಂಡನ್ನು ಎತ್ತಿ ಕಿಟಕಿಗೆ ಹಿಡಿದು ತೋರಿಸಿದ್ದರೆ ಸಾಕಿತ್ತು, ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ. ಅವಳು ದೊಡ್ಡಕ್ಕನ ಮುಖ ನೋಡಿದಳು. ಒಂದು ಮಾತು, ಬೇಡ, ಒಂದು ಕೆಮ್ಮು ಬಂದರೂ ಸಾಕು ಎಂದು ಕಾದಳು. 'ಅವಳನ್ನು ಬಿಡಿ, ನಾನು ನೋಡ್ಕೋತೀನಿ' ಅಂದಿದ್ದರೂ ಯಜಮಾನರು ಸುಮ್ಮನಾಗುತ್ತಿದ್ದರು. ಜೋಡಿಯ ವಿಷಯದಲ್ಲಿ ಕತ್ತರಿಸುವವಳ ಮಾತೇ ಮಾತು. ದೊಡ್ಡಕ್ಕ ಕಾಗದ ಮಡಚುತ್ತಿದ್ದಳು. ಬಹಳ ಶ್ರದ್ಧೆಯಿಂದ, ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಿದ್ದಳು.

"ತಪ್ಪಾಯ್ತು," ಅಂದಳು ಸಣ್ಣಕ್ಕ.

ಅಷ್ಟೂ ಮಿಷನ್ನುಗಳು ನಿಂತು ಅವಳು ಮೆಟ್ಟಿಲಿಳಿಯುವುದನ್ನು ನೋಡಿದವು. ಹೊಸ ಜೋಡಿ ಹುಡುಕಿಕೊಳ್ಳಲು ಯಜಮಾನರು ದೊಡ್ಡಕ್ಕನಿಗೆ ಒಂದು ವಾರ ಕೊಟ್ಟರು.

ಆ ಸಂಜೆಯೂ ಊಟಕ್ಕೆ ಮೊದಲ ತಟ್ಟೆ ದೊಡ್ಡಕ್ಕನದ್ದೇ. ಬಡಿಸಿದವಳು ಸಣ್ಣಕ್ಕನೇ. ಗಂಡ ಅತ್ತಿಗೆಯ ಮುಂದೆ ಏನೂ ಅನ್ನಲಾರದೆ, ಹಿತ್ತಲಿಗೆ ಬಂದು ಹೆಂಡತಿಯ ಹತ್ತಿರ, "ಅತ್ತಿಗೆ ಒಂದು ಮಾತಾಡಬಹುದಿತ್ತು" ಎಂದು ಗೊಣಗಿದ. ಅದನ್ನು ಅತ್ತಿಗೆಗೇ ಹೇಳುವಷ್ಟು ಗಂಡಸುತನ ಅವನಿಗೆ ಇರಲಿಲ್ಲ. ಇದ್ದಿದ್ದರೂ ಹೇಳುವವನಲ್ಲ, ಅವನ ಬೆನ್ನು ಕೈಕೊಟ್ಟ ದಿನ ಮನೆಗೆ ಬರುವ ಸಂಬಳ ಈಗ ಅವಳೊಬ್ಬಳದೇ. ಸಣ್ಣಕ್ಕ ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಜಡೆ ಹೆಣೆದುಕೊಂಡು, ಚಪ್ಪಲಿಗೆ ಕಾಲಿಡುವಾಗ ನೆನಪಾಗಿ, ಮತ್ತೆ ಒಳಗೆ ಹೋಗುತ್ತಿದ್ದಳು. ಒಳಗಿನ ಸಿಟ್ಟಿಗೆ ಅವಳು ಹೊಳೆಯುವ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು.

ವಾರ ಮುಗಿಯುತ್ತ ಬಂದಾಗ ದೊಡ್ಡಕ್ಕ ಅಡುಗೆಮನೆಯ ಬಾಗಿಲು ಹಿಡಿದು ಬಂದು ನಿಂತಳು.

"ನಾಳೆಯಿಂದ ನಿನ್ನ ಮಗಳನ್ನ ಕಳಿಸು. ನನ್ನ ಹಿಂದಿನ ಮಿಷನ್ ಮುಂದೆ ಕೂರಲಿ."

"ಊರಲ್ಲಿ ಹೊಲಿಯೋರು ಬೇರೆ ಯಾರೂ ಇಲ್ವಾ ಅಕ್ಕಾ?"

"ಇದ್ದಾರೆ. ಹೊರಗಿನವಳು ಬಂದ್ರೆ ಎರಡೇ ದಿನದಲ್ಲಿ ಯಜಮಾನರ ಕಿವಿಗೆ ಹಾಕ್ತಾಳೆ."

"ಏನನ್ನ?"

"ಗೊತ್ತಿದ್ದೂ ಕೇಳಬೇಡ. ನನಗೆ ಎಳೆ ಕಾಣಲ್ಲ. ಕಾಣದೆ ಎಷ್ಟೋ ಕಾಲ ಆಯ್ತು."

ಸಣ್ಣಕ್ಕನ ಕೈ ಪಾತ್ರೆಯ ಮೇಲೆ ನಿಂತಿತು. "ನಾನು ಹಿಂದೆ ಕೂತು ಸರಿಮಾಡ್ತಿದ್ದದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಬೆನ್ನ ಹಿಂದೆ ಕತ್ತರಿ ಕಚಕಚ ಅನ್ನೋದು ಕೇಳಲ್ವಾ? ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನೀನು ನೋಡ್ಕೋತೀಯ ಅನ್ನೋ ಧೈರ್ಯದ ಮೇಲೇ ನಾನು ಕತ್ತರಿಸ್ತಿದ್ದದ್ದು."

"ಮತ್ತೆ ಯಜಮಾನರ ಮುಂದೆ ಒಂದು ಮಾತು ಆಡಲಿಲ್ಲವಲ್ಲ ನೀವು."

"ಆಡಿದ್ರೆ 'ಯಾಕೆ ಸವರಿದಳು' ಅಂತ ಕೇಳ್ತಿದ್ರು. ಇಬ್ಬರೂ ಮನೇಲಿ ಕೂರಬೇಕಾಗ್ತಿತ್ತು. ಈಗ ಒಬ್ಬಳು ಕೂತಿದ್ದೀಯ." ದೊಡ್ಡಕ್ಕನ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನಿನಗೆ ಗಂಡ ಇದ್ದಾನೆ, ಮಗಳಿದ್ದಾಳೆ. ನನಗೆ ಆ ಕತ್ತರಿ ಬಿಟ್ರೆ ಏನಿದೆ ಹೇಳು. ಅದೂ ಹೋದ ದಿನ ನಿನ್ನ ಒಲೆ ಮುಂದೆ ತಟ್ಟೆ ಹಿಡ್ಕೊಂಡು ನಿಲ್ಬೇಕು ನಾನು."

ಸಣ್ಣಕ್ಕನಿಗೆ ಹೆಚ್ಚು ಸಿಟ್ಟು ಬಂದದ್ದು ಆ ಮಾತಿನಲ್ಲಿ ತಪ್ಪು ಸಿಗಲಿಲ್ಲ ಎಂಬುದಕ್ಕೆ. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ನೀನೇನೂ ಹೆದರಬೇಡ," ದೊಡ್ಡಕ್ಕ ಮುಂದುವರಿಸಿದಳು. ಸಮಾಧಾನ ಹೇಳುವ ದನಿ ಅದು. "ಇನ್ಮೇಲೆ ಎಲ್ಲಾ ತುಂಡನ್ನೂ ಒಂದು ಬೆರಳು ದೊಡ್ಡದಾಗೇ ಕತ್ತರಿಸ್ತೀನಿ. ಹುಡುಗಿ ಎಳೆ ತೆಗೆದು ಸವರಿದ್ರೂ ಒಳಗೆ ಬೇಕಾದಷ್ಟು ಉಳಿಯುತ್ತೆ. ಹೊಲಿಗೆ ಬಿಡಲ್ಲ."

ಸಣ್ಣಕ್ಕ ಎದ್ದು ನಿಂತಳು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುವುದೂ ನೆನಪಾಗಲಿಲ್ಲ. "ಆ ಒಂದು ಬೆರಳು ನನಗೆ ಯಾಕೆ ಕೊಡಲಿಲ್ಲ?"

"ನೀನು ಕೇಳಲಿಲ್ಲ."

"ಕೇಳಿದ್ರೆ ಕೊಡ್ತಿದ್ರಾ?"

ದೊಡ್ಡಕ್ಕ ನಿಜಕ್ಕೂ ಯೋಚನೆ ಮಾಡಿ ಹೇಳಿದಳು. ಆ ಮಟ್ಟಿಗೆ ಅವಳು ಪ್ರಾಮಾಣಿಕಳು. "ಇಲ್ಲ. ಕೇಳಿದ್ರೆ ನನಗೆ ಕಣ್ಣಿಲ್ಲ ಅಂತ ಮುಖಕ್ಕೇ ಹೇಳಿದ ಹಾಗಾಗ್ತಿತ್ತು. ಅವತ್ತೇ ನಿನ್ನನ್ನ ಎಬ್ಬಿಸ್ತಿದ್ದೆ."

ಹಿಂದಿನಿಂದ ಮಗಳ ದನಿ ಬಂತು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಮ್ಮ, ನಾನು ಹೋಗ್ತೀನಿ. ದೊಡ್ಡಮ್ಮ ಮೊನ್ನೆನೇ ಕೇಳಿದ್ರು. ಹೂಂ ಅಂದಿದ್ದೀನಿ."

ತನ್ನನ್ನು ಕೇಳುವ ಮೊದಲೇ ಎಲ್ಲ ತೀರ್ಮಾನವಾಗಿತ್ತು. ಸಣ್ಣಕ್ಕ ಮಗಳ ಮುಖ ನೋಡಿದಳು, ದೊಡ್ಡಕ್ಕನ ಮುಖ ನೋಡಿದಳು.

"ಹೋಗು. ಒಂದು ಮಾತು ಮಾತ್ರ ನಡೆಸಿಕೊಡು. ಬಟ್ಟೆ ಓರೆ ಬಂದ್ರೆ ಓರೆಯಾಗೇ ಹೊಲಿ. ಕತ್ತರಿ ಮುಟ್ಟಬೇಡ."

"ಹಾಗೆ ಮಾಡಿದ್ರೆ ನಾವಿಬ್ಬರೂ ಒಟ್ಟಿಗೇ ಮನೆಗೆ ಬರ್ತೀವಿ ಕಣೇ," ಅಂದಳು ದೊಡ್ಡಕ್ಕ.

"ಬನ್ನಿ. ಜಾಗ ಇದೆ," ಎಂದು ಹೇಳಿ ಸಣ್ಣಕ್ಕ ಮತ್ತೆ ಪಾತ್ರೆಗಳ ಮುಂದೆ ಕೂತಳು.

ಮರುದಿನದಿಂದ ಹುಡುಗಿ ದೊಡ್ಡಮ್ಮನ ಕೈ ಹಿಡಿದುಕೊಂಡು ಹೋಗತೊಡಗಿದಳು. ಮೆಟ್ಟಿಲಿನ ಹತ್ತಿರ ಯಾರು ಯಾರನ್ನು ಹಿಡಿದಿದ್ದಾರೆ ಎಂದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಸಣ್ಣಕ್ಕ ದಿನಾ ಸಂಜೆ ಬಾಗಿಲಲ್ಲಿ ಕಾಯುತ್ತಿದ್ದಳು. ಅಂಗಿಗಳು ತಿರುಚಿಕೊಂಡು ವಾಪಸು ಬಂದ ಸುದ್ದಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಬರಲಿ ಎಂಬ ಆಸೆಯೋ, ಬಾರದಿರಲಿ ಎಂಬ ಆಸೆಯೋ, ಅದು ದಿನಕ್ಕೊಂದು ಥರ ಇರುತ್ತಿತ್ತು. ಸುದ್ದಿ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ, ಒಂದು ಸಂಜೆ ಕೈಕಾಲು ತೊಳೆಯುತ್ತಿದ್ದ ಮಗಳ ತೋಳಿನ ಹಿಂದೆ ಒಂದು ಎಳೆ ಅಂಟಿದ್ದು ಸಣ್ಣಕ್ಕನಿಗೆ ಕಾಣಿಸಿತು. ಹೊಲಿಗೆಯ ದಾರ ಅಲ್ಲ. ಮಗ್ಗದ ಎಳೆ, ಅಂಕುಡೊಂಕಾದದ್ದು, ಬಿಡಿಸಿ ಹಿಡಿದರೆ ಅಂಗಿಯ ಒಂದು ಭಾಗದ ಅಗಲಕ್ಕೆ ಸರಿಯಾಗಿತ್ತು. ಎಳೆದು ತೆಗೆಯದೆ ಅಂಥದ್ದು ಬಟ್ಟೆಯಿಂದ ತಾನಾಗಿ ಬರುವುದಿಲ್ಲ.

"ಮುಟ್ಟಬೇಡ ಅಂದಿದ್ದೆ ನಾನು."

"ಹೇಗಮ್ಮ ಬಿಡೋದು? ಕಣ್ಣೆದುರಿಗೇ ಓರೆ ಕಾಣುತ್ತೆ. ಅದನ್ನ ಹಾಗೇ ಹೊಲಿಯೋಕೆ ಕೈ ಬರಲ್ಲ."

ಸಣ್ಣಕ್ಕ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಬೆರಳಿನ ತುದಿ ಕೆಂಪಾಗುವವರೆಗೆ ಸುತ್ತಿದಳು. "ದೊಡ್ಡಮ್ಮ ಒಂದು ಬೆರಳು ಜಾಸ್ತಿ ಬಿಡ್ತಾರಾ?"

"ಬಿಡ್ತಾರೆ," ಅಂದಳು ಹುಡುಗಿ. ಆಮೇಲೆ ಮುಖ ಒರೆಸಿಕೊಳ್ಳುತ್ತಾ, "ಒಂದೊಂದು ಸಲ ಮರೀತಾರೆ. ಪಾಪ, ವಯಸ್ಸಾಯ್ತಲ್ಲಮ್ಮ."

"ಮರೆತಾಗ ಕೇಳ್ತೀಯಾ?"

ಒಳಗೆ ಕಿಟಕಿ ಪಕ್ಕದ ಮಂಚದ ಮೇಲೆ ದೊಡ್ಡಕ್ಕ ಕಾಲು ಚಾಚಿ ಮಲಗಿದ್ದಳು. ಹುಡುಗಿ ಒಂದು ಸಲ ಆ ಕಡೆ ನೋಡಿದಳು, ಅಮ್ಮನ ಹತ್ತಿರ ಬಂದಳು, ದನಿ ತಗ್ಗಿಸಿದಳು.

"ಹೇಗಮ್ಮ ಕೇಳೋದು?"